ಏಲಂನಲ್ಲಿ ಆಡಿನ ಬೆಲೆ ನಿಲ್ಲಿಸುವುದು ಯಾರು? ತೂಕ, ಹಲ್ಲು, ಹಬ್ಬ ಮತ್ತು ಎರಡನೇ ಗಿರಾಕಿ

ಶುಕ್ರವಾರ ಜುಮಾ ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತು. ಮಸೀದಿ ಅಂಗಳದ ಮೂಲೆಯಲ್ಲಿ ನೇರ್ಚೆಗೆ ಬಂದ ಎರಡು ಆಡು, ಒಂದು ಹುಂಜ, ಒಂದು ಬಾಳೆಗೊನೆ, ನಾಲ್ಕು ಹಲಸಿನಕಾಯಿ. ಕಮಿಟಿಯವರೊಬ್ಬರು ಕೂಗುತ್ತಾರೆ: “ಐದು ಸಾವಿರ... ಐದೂವರೆ... ಒರು ತರಂ, ರಂಡು ತರಂ...” ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಾಸರಗೋಡು ಜಿಲ್ಲೆಯ ಯಾವ ಜಮಾಅತ್‌ನವರಿಗೂ ಈ ಕೂಗು ಹೊಸದಲ್ಲ.

ಆದರೆ ಒಂದು ಪ್ರಶ್ನೆ ಹೆಚ್ಚಿನವರ ತಲೆಗೆ ಬಂದು ಹಾಗೇ ಹೋಗುತ್ತದೆ. ನೋಡಲು ಒಂದೇ ಗಾತ್ರದ ಎರಡು ಆಡು. ಒಂದು 8 ಸಾವಿರಕ್ಕೆ ನಿಂತಿತು, ಇನ್ನೊಂದು 13 ಸಾವಿರಕ್ಕೆ ಹೋಯಿತು. ಯಾಕೆ? “ಅದರ ನಸೀಬ್” ಅಂತ ಹೇಳಿ ಮನೆಗೆ ಹೋಗುವವರೇ ಜಾಸ್ತಿ. ನಸೀಬ್ ಇರಬಹುದು, ಆದರೆ ಅದರ ಹಿಂದೆ ಲೆಕ್ಕವೂ ಇದೆ.

ಈ ಲೆಕ್ಕ ಗೊತ್ತಿರಬೇಕಾದದ್ದು ವ್ಯಾಪಾರಿಗಳಿಗೆ ಮಾತ್ರ ಅಲ್ಲ. ಮನೆ ಹಿಂದೆ ನಾಲ್ಕು ಆಡು ಸಾಕಿ, ಜೂನ್‌ನಲ್ಲಿ ಮಕ್ಕಳ ಶಾಲೆ ಖರ್ಚಿಗೆ ಒಂದನ್ನು ಮಾರುವ ಉಮ್ಮಂದಿರು ನಮ್ಮಲ್ಲಿ ಎಷ್ಟೋ ಮಂದಿ. ಗಲ್ಫ್‌ನಿಂದ ವಾಪಸ್ ಬಂದು, ಉಳಿಸಿದ ಹಣವನ್ನು ಆಡಿನ ಫಾರಂಗೆ ಹಾಕುವ ಯುವಕರೂ ಕಡಿಮೆಯಿಲ್ಲ. ಗೇಟಿನ ಹತ್ತಿರ ಬೈಕ್ ನಿಲ್ಲಿಸಿ “ಇದಕ್ಕೆ ಆರು ಸಾವಿರ ಕೊಡ್ತೇನೆ” ಅನ್ನುವ ದಲ್ಲಾಳಿಯ ಮುಂದೆ ಇವರ ಹತ್ತಿರ ಉತ್ತರ ಇರಬೇಕಾದರೆ, ಬೆಲೆ ಹೇಗೆ ಆಗುತ್ತದೆ ಅಂತ ತಿಳಿದಿರಬೇಕು.

ಮೊದಲು ಮಾಂಸದ ಲೆಕ್ಕ

ಯಾವ ಆಡಿಗೂ ಒಂದು ತಳಬೆಲೆ ಇದೆ. ಅದು ಮಾಂಸದ ಬೆಲೆ. ಕಟುಕ ವ್ಯಾಪಾರಿ ಆಡನ್ನು ನೋಡುವಾಗ ಅವನ ಕಣ್ಣಿಗೆ ಕಾಣುವುದು ಬಣ್ಣವಲ್ಲ, ಕಿಲೋ.

ಆಡಿನ ಜೀವಂತ ತೂಕದಲ್ಲಿ ಮಾಂಸವಾಗಿ ಸಿಗುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಶೇ. 45ರಿಂದ 50. ಲೆಕ್ಕಕ್ಕಾಗಿ 30 ಕಿಲೋದ ಆಡು ಅಂತ ಇಟ್ಟುಕೊಳ್ಳೋಣ. ಮಾಂಸ ಸುಮಾರು 14 ಕಿಲೋ. ಅಂಗಡಿಯಲ್ಲಿ ಕಿಲೋಗೆ 900 ರೂಪಾಯಿ ಅಂತ ಹಿಡಿದರೆ 12,600 ರೂ. ತಲೆ, ಕಾಲು, ಬೋಟಿಗೆ 900 ಸೇರಿಸಿದರೆ 13,500. ಇದರಲ್ಲಿ ಗಾಡಿ ಬಾಡಿಗೆ, ಕೊಯ್ಯುವ ಕೂಲಿ, ಅಂಗಡಿ ಖರ್ಚು 1,500 ಕಳೆಯಿರಿ. ವ್ಯಾಪಾರಿಯ ಲಾಭ 1,500 ಕಳೆಯಿರಿ. ಉಳಿದದ್ದು 10,500. ಅಂದರೆ ಜೀವಂತ ತೂಕದಲ್ಲಿ ಕಿಲೋಗೆ 350 ರೂ. ಇದರ ಮೇಲೆ ಕೂಗಿದರೆ ಆ ವ್ಯಾಪಾರಿಗೆ ಕೈಯಿಂದ ಹೋಗುತ್ತದೆ.

ಈ ಅಂಕೆಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಮಾಂಸದ ದರ ಹಾಕಿ ಲೆಕ್ಕ ಮಾಡಿದರೆ ನಿಮ್ಮ ಆಡಿನ ತಳಬೆಲೆ ನಿಮಗೇ ಸಿಗುತ್ತದೆ. ದಲ್ಲಾಳಿ 6 ಸಾವಿರ ಹೇಳಿದರೆ ಎಷ್ಟು ಕಡಿಮೆ ಹೇಳಿದ ಅಂತಲೂ ಗೊತ್ತಾಗುತ್ತದೆ.

ಆದರೆ ತೂಕ ಗೊತ್ತಾಗುವುದು ಹೇಗೆ? ಮನೆಯಲ್ಲಿ ಆಡು ತೂಗುವ ತಕ್ಕಡಿ ಇರುವುದಿಲ್ಲ, ಟೈಲರ್ ಟೇಪ್ ಇರುತ್ತದೆ. ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮೂಳೆಯಿಂದ ಹಿಂಭಾಗದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬಂದದ್ದು ಹತ್ತಿರ ಹತ್ತಿರ ಕಿಲೋ. ಸುತ್ತಳತೆ 28 ಇಂಚು, ಉದ್ದ 25 ಇಂಚು ಇದ್ದರೆ 28 × 28 × 25 = 19,600. ಅದನ್ನು 660ರಿಂದ ಭಾಗಿಸಿದರೆ 29.7, ಅಂದರೆ ಸುಮಾರು 30 ಕಿಲೋ. ಒಂದೆರಡು ಕಿಲೋ ಆಚೀಚೆ ಆಗಬಹುದು, ಆದರೆ ಕಣ್ಣಂದಾಜಿಗಿಂತ ಎಷ್ಟೋ ವಾಸಿ.

ತೂಕದಲ್ಲಿ ಇನ್ನೂ ಒಂದು ವಿಷಯ ಇದೆ. ದೂರದಿಂದ ಲಾರಿಯಲ್ಲಿ ಬಂದ ಪ್ರಾಣಿ ನೀರು, ಮೇವಿಲ್ಲದೆ ದಾರಿಯಲ್ಲೇ ತೂಕ ಕಳೆದುಕೊಳ್ಳುತ್ತದೆ. ಉಲ್ಟಾ ಆಟವೂ ಉಂಟು. ಮಾರುವ ಮೊದಲು ಉಪ್ಪು ತಿನ್ನಿಸಿ ಹೊಟ್ಟೆ ತುಂಬ ನೀರು ಕುಡಿಸಿದರೆ ತಕ್ಕಡಿಯಲ್ಲಿ ತೂಕ ಏರುತ್ತದೆ, ಮಾಂಸ ಏರುವುದಿಲ್ಲ. ಆದ್ದರಿಂದ ಅನುಭವಿಗಳು ಹೊಟ್ಟೆ ನೋಡುವುದಿಲ್ಲ, ಬೆನ್ನುಮೂಳೆಯ ಮೇಲೆ ಕೈಯಿಟ್ಟು ನೋಡುತ್ತಾರೆ. ಮೂಳೆ ಚುಚ್ಚಿದರೆ ಆಡು ಬಡಕಲು, ಮೂಳೆ ಮೇಲೆ ಮಾಂಸ ಕೂತಿದ್ದರೆ ಒಳ್ಳೆಯದು.

ಹಲ್ಲು ನೋಡಿ ಬೆಲೆ

ತಳಬೆಲೆಯ ಮೇಲೆ ಏರುವ ದುಡ್ಡು ಉದ್ದೇಶದ್ದು. ಒಂದೇ ಆಡನ್ನು ಕಟುಕ, ಸಾಕುವವನು, ಉಳ್‌ಹಿಯ್ಯತ್‌ಗೆ ಕೊಳ್ಳುವವನು ಮೂರು ಕಣ್ಣಿನಿಂದ ನೋಡುತ್ತಾರೆ.

ಉಳ್‌ಹಿಯ್ಯತ್‌ಗೆ ಕೊಳ್ಳುವವನಿಗೆ ಮೊದಲು ಬೇಕಾದದ್ದು ವಯಸ್ಸು. ನಮ್ಮ ಕಡೆ ನಡೆಯುವ ಶಾಫಿ ಮದ್‌ಹಬ್ ಪ್ರಕಾರ ಆಡಿಗೆ ಎರಡು ವರ್ಷ ತುಂಬಿರಬೇಕು. ಕುರಿಗೆ ಒಂದು ವರ್ಷ ಸಾಕು. ಹನಫಿಯಲ್ಲಿ ಆಡಿಗೂ ಒಂದು ವರ್ಷ ಸಾಕಾಗುತ್ತದೆ. ಹಾಗಾಗಿ ಒಂದೂವರೆ ವರ್ಷದ ಕೊಬ್ಬಿದ ಆಡು ಹನಫಿಗಳು ಹೆಚ್ಚಿರುವ ಊರಿನಲ್ಲಿ ಹಬ್ಬದ ಬೆಲೆಗೆ ಹೋಗುತ್ತದೆ. ಅದನ್ನೇ ಕಾಸರಗೋಡಿಗೆ ತಂದರೆ ತಿಳಿದವರು ಮಾಂಸದ ಬೆಲೆಯನ್ನೇ ಕೊಡುತ್ತಾರೆ.

ವಯಸ್ಸಿಗೆ ದಾಖಲೆ ಇಲ್ಲದಾಗ ಸಾಕ್ಷಿ ಹಲ್ಲು. ಆಡಿನ ಕೆಳದವಡೆಯ ಮುಂದಿನ ಹಾಲುಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬರುವುದು ಒಂದರಿಂದ ಒಂದೂವರೆ ವರ್ಷಕ್ಕೆ. ಎರಡನೇ ಜೋಡಿ ಸುಮಾರು ಎರಡು ವರ್ಷಕ್ಕೆ. ನಾಲ್ಕು ಹಲ್ಲಿನ ಆಡು ಎಂದರೆ ಇಲ್ಲಿ ಬೆಲೆ ಏರುವುದು ಇದಕ್ಕೇ. ಎಂಟು ಹಲ್ಲು ತುಂಬಿ ಸವೆದಿದ್ದರೆ ಮಾಂಸ ಗಟ್ಟಿ, ಬೆಲೆ ಮತ್ತೆ ಇಳಿಯುತ್ತದೆ.

ಇನ್ನು ಐಬು. ಒಂದು ಕಣ್ಣು ಕುರುಡು, ಸ್ಪಷ್ಟವಾಗಿ ಕುಂಟುವುದು, ಕಾಯಿಲೆ, ತೀರಾ ಬಡಕಲು, ತುಂಡಾದ ಕಿವಿ ಇದ್ದರೆ ಉಳ್‌ಹಿಯ್ಯತ್‌ಗೆ ಆಗುವುದಿಲ್ಲ. ಕಿವಿ ತುಂಡಾದರೆ ಮಾಂಸ ಒಂದು ಗ್ರಾಮ್ ಕೂಡ ಕಡಿಮೆಯಾಗುವುದಿಲ್ಲ, ಆದರೆ ಹಬ್ಬದ ಗಿರಾಕಿ ಹಿಂದೆ ಸರಿಯುತ್ತಾನೆ. ಅಂಗಳದಲ್ಲಿ ಒಂದೇ ಗಾತ್ರದ ಎರಡು ಆಡಿಗೆ ಎರಡು ಬೆಲೆ ಬಂದದ್ದಕ್ಕೆ ಇದೇ ಕಾರಣ ಇರಬಹುದು. ಮುಳ್ಳುತಂತಿ ಬೇಲಿಯ ಬದಿಯಲ್ಲಿ ಆಡು ಕಟ್ಟುವವರು ಇದನ್ನು ನೆನಪಿಡಬೇಕು.

ಸಾಕುವವನು ನೋಡುವುದು ತಳಿ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್, ಮಲಪ್ಪುರಂ ಕಡೆಯ ಮಲಬಾರಿ ಆಡು ಅವಳಿ ಮರಿ ಹಾಕುವುದಕ್ಕೆ ಹೆಸರುವಾಸಿ. ಹೆಣ್ಣಾಡಿಗೆ ಮಾಂಸದ ಬೆಲೆಗಿಂತ ಜಾಸ್ತಿ ಬರುವುದು ಈ ಕಾರಣಕ್ಕೆ: ಕೊಳ್ಳುವವನು ಮುಂದಿನ ಮರಿಗಳಿಗೂ ಸೇರಿಸಿ ದುಡ್ಡು ಕೊಡುತ್ತಾನೆ. ಜಮುನಾಪಾರಿ, ಬೀಟಲ್, ಸಿರೋಹಿ ಅಂತ ಉತ್ತರ ಭಾರತದ ಹೆಸರು ಹೇಳಿದರೆ ಬೆಲೆ ಇನ್ನೂ ಏರುತ್ತದೆ. ಆದರೆ ಉದ್ದ ಕಿವಿ ಇರುವುದೆಲ್ಲ ಜಮುನಾಪಾರಿ ಅಲ್ಲ. ದನದಲ್ಲಿ ನಮ್ಮದೇ ಕಾಸರಗೋಡು ಗಿಡ್ಡ ತಳಿಯ ಕಥೆಯೂ ಹಾಗೆಯೇ. ಹಾಲು ಕಡಿಮೆ, ಮಾಂಸ ಕಡಿಮೆ, ಆದರೆ ಕಡಿಮೆ ಮೇವಿನಲ್ಲಿ ಬದುಕುವ, ಈ ಮಳೆ ತಡೆಯುವ ದನ ಬೇಕೆಂದು ಹುಡುಕುವವರಿದ್ದಾರೆ. ಹುಡುಕುವವರು ಇದ್ದ ಮೇಲೆ ಕಿಲೋ ಲೆಕ್ಕ ನಡೆಯುವುದಿಲ್ಲ.

ಹಾಲಿನ ದನ, ಆಡಿನಲ್ಲಿ ಹಳೆಯ ಮೋಸ ಒಂದಿದೆ. ಎರಡು ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿಸಿ ಮಾರಾಟಕ್ಕೆ ತರುವುದು. ಹದೀಸ್‌ನಲ್ಲಿ ಇದನ್ನು ಸ್ಪಷ್ಟವಾಗಿ ವಿರೋಧಿಸಲಾಗಿದೆ. ಹಾಗೆ ಮೋಸ ಹೋದವನಿಗೆ ಮೂರು ದಿನದೊಳಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕನ್ನೂ ಕೊಡಲಾಗಿದೆ. ಕರೆದು ನೋಡದೆ ಹಾಲಿನ ಬೆಲೆ ಕೊಡಬಾರದು.

ಹಬ್ಬ, ಮಳೆ, ಗಡಿ

ಬಕ್ರೀದ್ ಬರುವಾಗ ಬೆಲೆ ಏರುತ್ತದೆ ಅಂತ ಮಕ್ಕಳಿಗೂ ಗೊತ್ತು. ಆದರೆ ಬಕ್ರೀದ್ ಒಂದು ಕಡೆ ನಿಲ್ಲುವುದಿಲ್ಲ. ಹಿಜರಿ ವರ್ಷ ಸಣ್ಣದು, ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ 10-11 ದಿನ ಹಿಂದೆ ಬರುತ್ತದೆ. 2017ರಲ್ಲಿ ಸೆಪ್ಟಂಬರ್ ಆರಂಭದಲ್ಲಿದ್ದ ಬಕ್ರೀದ್ 2025ರಲ್ಲಿ ಜೂನ್ 7ಕ್ಕೆ ಬಂತು. ಇನ್ನು ಮುಂದಿನ ವರ್ಷಗಳಲ್ಲಿ ಅದು ಮೇ, ಏಪ್ರಿಲ್ ಕಡೆ ಸರಿಯುತ್ತದೆ.

ಇದರಿಂದ ಬೆಲೆಯ ದಾರಿಯೂ ಬದಲಾಗುತ್ತದೆ. ಜೂನ್ ಮಳೆಯಲ್ಲಿ ಆಡಿಗೆ ಶೀತ, ಕಾಲು ಕೊಳೆತ, ಹೊಟ್ಟೆಹುಳ ಜಾಸ್ತಿ. ಒದ್ದೆಯಲ್ಲಿ ಕಟ್ಟಿಡಲು ಜಾಗವಿಲ್ಲದವರು ಸಿಕ್ಕಿದ ಬೆಲೆಗೆ ಕೊಡುತ್ತಾರೆ. ಬೇಸಗೆಯಲ್ಲಿ ಹಬ್ಬ ಬಂದರೆ ಕಾಯಿಲೆ ಕಡಿಮೆ, ಆದರೆ ಹಸಿ ಸೊಪ್ಪು ಸಿಗುವುದಿಲ್ಲ, ಹಿಂಡಿ ಖರೀದಿಸಬೇಕು.

ಫಾರಂ ಮಾಡುವ ಯುವಕರು ಒಂದು ಸುಲಭ ಲೆಕ್ಕ ನೆನಪಿಡಬಹುದು. ಶಾಫಿ ಪ್ರಕಾರ ಎರಡು ವರ್ಷ ತುಂಬಬೇಕಾದರೆ, ಒಂದು ಬಕ್ರೀದ್‌ಗೆ ಮೊದಲು ಹುಟ್ಟಿದ ಮರಿ ಅದರ ನಂತರದ ಎರಡನೇ ಬಕ್ರೀದ್‌ಗೆ ಸಿದ್ಧ. 2025ರ ಬಕ್ರೀದ್‌ಗೆ ಮೊದಲು ಹುಟ್ಟಿದ್ದು 2027ರ ಬಕ್ರೀದ್‌ಗೆ. ಆಡಿನ ಗರ್ಭ ಐದು ತಿಂಗಳು. ಅದನ್ನೂ ಹಿಂದಕ್ಕೆ ಎಣಿಸಿದರೆ ಯಾವ ತಿಂಗಳು ಹೋತ ಬಿಡಬೇಕು ಅಂತ ತಿಳಿಯುತ್ತದೆ. ಹಬ್ಬ ಮುಗಿದು ಒಂದು ತಿಂಗಳಿಗೆ ಹುಟ್ಟಿದ ಮರಿ ಹಬ್ಬದ ಬೆಲೆಗಾಗಿ ಸುಮಾರು ಒಂದು ವರ್ಷ ಜಾಸ್ತಿ ತಿನ್ನುತ್ತದೆ.

ಹಬ್ಬದ ಹಿಂದಿನ ದಿನದ ಕಥೆ ಬೇರೆ. ದೂರದಿಂದ ಲಾರಿಯಲ್ಲಿ ತಂದವನಿಗೆ ಉಳಿದ ಆಡನ್ನು ವಾಪಸ್ ಕೊಂಡೊಯ್ಯುವ ಖರ್ಚು ತಲೆ ಮೇಲೆ ಇರುತ್ತದೆ. ಮಾಲು ಜಾಸ್ತಿ ಉಳಿದಿದ್ದರೆ ರಾತ್ರಿ ಬೆಲೆ ಕುಸಿಯುತ್ತದೆ, ಕಡಿಮೆ ಬಂದಿದ್ದರೆ ಹಾರುತ್ತದೆ. ಕೊನೆಯ ರಾತ್ರಿಗೆ ಕಾಯುವುದು ಕೊಳ್ಳುವವನಿಗೂ ಮಾರುವವನಿಗೂ ಜೂಜಿನ ಹಾಗೆ.

ಕಾಸರಗೋಡಿಗೆ ಇನ್ನೊಂದು ಅಂಶ ವಿಶೇಷ: ಗಡಿ. ಕೇರಳದ ದೊಡ್ಡ ಜಾನುವಾರು ಚಂದೆಗಳು ವಾಣಿಯಂಕುಳಂ, ಕುಳಲ್‌ಮಂದಂ, ಪೆರುಂಬಿಲಾವ್. ಮೂರೂ ಇರುವುದು ಪಾಲಕ್ಕಾಡ್, ತ್ರಿಶೂರ್ ಕಡೆ, ಇಲ್ಲಿಂದ ತುಂಬಾ ದೂರ. ಕರ್ನಾಟಕ ಹತ್ತಿರ, ತಲಪಾಡಿ ದಾಟಿದರೆ ಸಾಕು. ಆದ್ದರಿಂದ ಗಡಿಯಲ್ಲಿ ಏನಾದರೂ ಆದರೆ ಇಲ್ಲಿನ ಬೆಲೆಗೆ ಕೂಡಲೇ ತಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೊರೋನ ಹೆಸರಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಹಾಕಿದ್ದನ್ನು ಈ ಜಿಲ್ಲೆ ಮರೆತಿಲ್ಲ. ಆಸ್ಪತ್ರೆಗೆ ಹೋಗುವವರನ್ನೇ ತಡೆದ ಗಡಿ ಅದು, ಸಂತೆಯ ಗಾಡಿಯ ಮಾತು ಆಮೇಲೆ.

ಕಾನೂನೂ ಬೆಲೆಯ ಒಂದು ಭಾಗ. 2017ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಜಾನುವಾರು ಮಾರುಕಟ್ಟೆಗಳಲ್ಲಿ ಕಡಿಯಲಿಕ್ಕೆ ದನ, ಎಮ್ಮೆ ಮಾರಬಾರದೆಂಬ ನಿಯಮ ತಂದಿತು. ಮದ್ರಾಸ್ ಹೈಕೋರ್ಟ್ ಅದಕ್ಕೆ ತಡೆ ನೀಡಿತು, ಜುಲೈಯಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ಕರ್ನಾಟಕದಲ್ಲಿ 2021ರ ಜನವರಿಯಿಂದ ಜಾರಿಗೆ ಬಂದ ಕಾನೂನು ಎಲ್ಲ ವಯಸ್ಸಿನ ದನ, ಎತ್ತು, ಕರು ಮತ್ತು 13 ವರ್ಷಕ್ಕಿಂತ ಕೆಳಗಿನ ಎಮ್ಮೆ-ಕೋಣ ಕಡಿಯುವುದನ್ನು ನಿಷೇಧಿಸಿದೆ, ಸಾಗಾಟಕ್ಕೂ ಬಿಗಿ ನಿಯಮ ಇಟ್ಟಿದೆ. ವ್ಯಾಪಾರದ ದೃಷ್ಟಿಯಲ್ಲಿ ನೋಡಿದರೆ ಇದರ ಪರಿಣಾಮ ಎರಡು ಕಡೆಗೂ ಉಂಟು. ಆ ಕಡೆ ಮುದಿ ದನ ಮಾರಿ ಹೊಸ ದನ ತರುತ್ತಿದ್ದ ರೈತನಿಗೆ ಸಿಗುವ ದುಡ್ಡು ಇಳಿಯಿತು. ಈ ಕಡೆ ಕೊಳ್ಳುವವನು ಕೊಡುವ ದುಡ್ಡು ಏರಿತು. ದನದ ಏಳು ಪಾಲಿನಲ್ಲಿ ಸೇರುತ್ತಿದ್ದವರು ಆಡಿನ ಕಡೆ ತಿರುಗಿದರೆ ಆಡಿನ ಬೆಲೆಯೂ ಏರುತ್ತದೆ.

ಕಾಯಿಲೆಯೂ ಹಾಗೆಯೇ. 2022ರಲ್ಲಿ ದೇಶದಲ್ಲೆಲ್ಲ ಚರ್ಮಗಂಟು ರೋಗ ಹರಡಿದಾಗ ಹಲವು ಕಡೆ ದನದ ಸಂತೆಗಳೇ ನಿಂತವು. ಆಡಿಗೆ ಪಿಪಿಆರ್ ಬಂದರೆ ಇಡೀ ಹಟ್ಟಿ ಖಾಲಿಯಾಗಬಹುದು. ಲಸಿಕೆ ಹಾಕಿಸಿದ ದಾಖಲೆ, ದನದ ಕಿವಿಯಲ್ಲಿ 12 ಅಂಕೆಯ ಟ್ಯಾಗ್, ಪಶುವೈದ್ಯರ ಸರ್ಟಿಫಿಕೇಟ್ ಇವೆಲ್ಲ ಬರೀ ಕಾಗದ ಅಲ್ಲ. ಕೊಳ್ಳುವವನ ಭಯ ಕಡಿಮೆ ಮಾಡುವ ಯಾವುದೂ ಬೆಲೆ ಜಾಸ್ತಿ ಮಾಡುತ್ತದೆ.

ಕೂಗು ಎಲ್ಲಿ ನಿಲ್ಲುತ್ತದೆ?

ಇಷ್ಟೆಲ್ಲ ಆಡಿನ ವಿಷಯ ಆಯಿತು. ಈಗ ಏಲಂನ ವಿಷಯ.

ವಾಣಿಯಂಕುಳಂನಂಥ ಹಳೆಯ ಚಂದೆಗಳಲ್ಲಿ ಬೆಲೆ ಬಾಯಲ್ಲಿ ಹೇಳದೆ, ಬೈರಾಸಿನ ಅಡಿಯಲ್ಲಿ ಬೆರಳು ಹಿಡಿದು ಮಾತಾಡುವ ಪದ್ಧತಿ ಇತ್ತು. ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗುವುದಿಲ್ಲ. ಅದರಲ್ಲಿ ಲಾಭ ದಿನಾ ಬೆರಳು ಹಿಡಿದು ಅಭ್ಯಾಸ ಇರುವವನಿಗೆ. ಏಲಂ ಇದರ ಉಲ್ಟಾ, ಬೆಲೆ ಎಲ್ಲರ ಕಿವಿಗೆ ಬೀಳುತ್ತದೆ. ವರ್ಷಕ್ಕೊಂದು ಆಡು ಮಾರುವವರಿಗೆ ಏಲಂ ಒಳ್ಳೆಯದಾಗುವುದು ಇದಕ್ಕೇ.

ಆದರೆ ಏಲಂನಲ್ಲಿ ಬೆಲೆ ನಿಲ್ಲಿಸುವುದು ಗೆದ್ದವನಲ್ಲ, ಸೋತವನು. ಒಬ್ಬನಿಗೆ ಆ ಆಡಿಗೆ 15 ಸಾವಿರ ಕೊಡುವ ಮನಸ್ಸಿದೆ. ಎರಡನೆಯವನು 9 ಸಾವಿರಕ್ಕೆ ಸುಮ್ಮನಾದರೆ, ಮೊದಲಿನವನಿಗೆ ಆಡು 9 ಸಾವಿರದ ಮೇಲೆ ಸ್ವಲ್ಪಕ್ಕೆ ಸಿಗುತ್ತದೆ. ಎರಡನೆಯವನು 14 ಸಾವಿರದವರೆಗೆ ಬಂದರೆ ಬೆಲೆ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಅಂಗಳದಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದಕ್ಕಿಂತ ನಿಜವಾಗಿ ಬೇಕಾದವರು ಎಷ್ಟು ಮಂದಿ ಅನ್ನುವುದು ಮುಖ್ಯ. ಇಬ್ಬರು ಬೇಕು. ಮಳೆ ಬಂದು ಜನ ಬೇಗ ಹೋದ ಶುಕ್ರವಾರ ಒಳ್ಳೆಯ ಆಡೂ ಕಡಿಮೆಗೆ ಹೋಗುವುದು ಹಾಗೆ. ಏಲಂನ ಈ ತರ್ಕದ ಮೇಲೆ ಕೆಲಸ ಮಾಡಿದ ಪೌಲ್ ಮಿಲ್‌ಗ್ರೋಮ್ ಮತ್ತು ರಾಬರ್ಟ್ ವಿಲ್ಸನ್‌ಗೆ 2020ರ ಅರ್ಥಶಾಸ್ತ್ರ ನೊಬೆಲ್ ಸಿಕ್ಕಿತು. ಅವರು ಇನ್ನೊಂದು ಎಚ್ಚರಿಕೆಯನ್ನೂ ವಿವರಿಸಿದ್ದಾರೆ. ವಸ್ತುವಿನ ನಿಜ ಬೆಲೆ ಯಾರಿಗೂ ಸರಿಯಾಗಿ ಗೊತ್ತಿಲ್ಲದಾಗ, ಏಲಂ ಗೆಲ್ಲುವವನು ಹೆಚ್ಚಾಗಿ ಜಾಸ್ತಿ ಅಂದಾಜು ಮಾಡಿದವನೇ ಆಗಿರುತ್ತಾನೆ. ಟೇಪ್ ಹಿಡಿಯದೆ, ಹಲ್ಲು ನೋಡದೆ ಕೂಗುವವನ ಕಥೆ ಅದೇ.

ವ್ಯಾಪಾರಿಗಳು ಮೊದಲೇ ಮಾತಾಡಿಕೊಂಡು “ನೀನು ಇದಕ್ಕೆ ಕೂಗು, ನಾನು ಅದಕ್ಕೆ” ಅಂದರೆ ಎರಡನೇ ಗಿರಾಕಿಯೇ ಇರುವುದಿಲ್ಲ. ಬೆಲೆ ನೆಲಕ್ಕೆ ಬೀಳುತ್ತದೆ. ಇದಕ್ಕೆ ಮದ್ದು ಕನಿಷ್ಠ ಬೆಲೆ ನಿಗದಿ ಮಾಡುವುದು. ಸರಕಾರಿ ಏಲಂಗಳಲ್ಲಿ ಮೊದಲು ಠೇವಣಿ ಕಟ್ಟಿಸುವುದು, ನಿಗದಿತ ಬೆಲೆಗಿಂತ ಕಡಿಮೆಗೆ ಕೊಡದಿರುವುದು ಇದಕ್ಕಾಗಿಯೇ.

ಉಲ್ಟಾ ಮೋಸವೂ ಇದೆ. ಕೊಳ್ಳುವ ಉದ್ದೇಶವಿಲ್ಲದೆ, ಬೆಲೆ ಏರಿಸಲಿಕ್ಕೆ ಮಾತ್ರ ಮಾರುವವನ ಪರವಾಗಿ ಕೂಗುವುದು. ಫಿಖ್ಹ್‌ನಲ್ಲಿ ಇದಕ್ಕೆ ‘ನಜಶ್’ ಎಂದು ಹೆಸರು, ಹದೀಸ್‌ನಲ್ಲಿ ನಿಷೇಧ ಬಂದಿದೆ. ಏಲಂ ಮಾತ್ರ ತಪ್ಪಲ್ಲ. ಬಡ ಅನ್ಸಾರಿ ಒಬ್ಬರ ಹಾಸುಬಟ್ಟೆ ಮತ್ತು ಬಟ್ಟಲನ್ನು ಪ್ರವಾದಿಯವರು (ಸ.ಅ.) ಯಾರು ಹೆಚ್ಚು ಕೊಡುತ್ತೀರಿ ಎಂದು ಕೇಳಿ ಎರಡು ದಿರ್ಹಂಗೆ ಮಾರಿಕೊಟ್ಟ ಘಟನೆ ಹದೀಸ್ ಗ್ರಂಥಗಳಲ್ಲಿದೆ.

ಬರಕತ್ತಿನ ಬೆಲೆ

ಮಸೀದಿಯ ಏಲಂಗೆ ಇನ್ನೊಂದು ಲೆಕ್ಕ ಉಂಟು, ಅದು ಯಾವ ಟೇಪಿಗೂ ಸಿಗದ ಲೆಕ್ಕ. 2024ರ ಏಪ್ರಿಲ್‌ನಲ್ಲಿ ಕಾಶ್ಮೀರದ ಸೋಪೋರ್ ಬಳಿಯ ಮಲ್‌ಪೋರದಲ್ಲಿ ಮಸೀದಿ ಕಟ್ಟಲು ಬಡ ಮನೆಯಿಂದ ಒಂದು ಕೋಳಿಮೊಟ್ಟೆ ಬಂತು. ಕೊಂಡವರು ಮತ್ತೆ ಮಸೀದಿಗೇ ಕೊಟ್ಟು, ಮತ್ತೆ ಏಲಂ ಆಗಿ, ಕೊನೆಗೆ ಒಟ್ಟು 2.26 ಲಕ್ಷ ರೂಪಾಯಿ ಆಯಿತು. ಅಲ್ಲಿ ಮೊಟ್ಟೆಯ ಬೆಲೆ ಐದಾರು ರೂಪಾಯಿ. ಉಳಿದದ್ದು ಸದಖ.

ನಮ್ಮಲ್ಲೂ ಹುಂಜ ಸಾವಿರಕ್ಕೆ ಹೋಗುವುದು ಹೀಗೆಯೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡು ವಿಷಯ ಬೇರೆ ಮಾಡಿ ನೋಡಬೇಕು. ಒಂದು, ಮಸೀದಿಯ ಏಲಂ ಬೆಲೆಯನ್ನು ಮಾರುಕಟ್ಟೆ ಬೆಲೆ ಅಂದುಕೊಂಡು ಫಾರಂ ಲೆಕ್ಕ ಹಾಕಬಾರದು. “ಉರೂಸಿನಲ್ಲಿ ಆಡು 25 ಸಾವಿರಕ್ಕೆ ಹೋಯಿತು” ಅಂತ ಕೇಳಿ 50 ಆಡು ಕಟ್ಟಿದವನಿಗೆ ಮಾರುವ ದಿನ ಸಿಗುವುದು ಕಿಲೋ ಬೆಲೆ. ಎರಡು, ಜನರ ಮುಂದೆ ಹಠಕ್ಕೆ ಬಿದ್ದು ಕೂಗಿ, ಆಮೇಲೆ ಕೊಡಲಿಕ್ಕೆ ಆಗದೆ ಕಮಿಟಿಯ ಪುಸ್ತಕದಲ್ಲಿ ಬಾಕಿ ಉಳಿಯುವುದು. ದಾನಕ್ಕೆ ಕೂಗಿದ್ದು ಸಾಲವಾಗಿ ಉಳಿಯುತ್ತದೆ, ಕೊನೆಗೆ ಆ ಮನುಷ್ಯ ಜುಮಾಕ್ಕೆ ಬೇರೆ ಮಸೀದಿಗೆ ಹೋಗುವ ಪರಿಸ್ಥಿತಿ ಬರುತ್ತದೆ.

ಜಮಾಅತ್ ಕಮಿಟಿಗಳು ಸಣ್ಣ ಕೆಲವು ಕೆಲಸ ಮಾಡಿದರೆ ಸಾಕು. ಏಲಂಗೆ ಮೊದಲು ಆಡನ್ನು ತೂಗಿ, ಹಲ್ಲು ನೋಡಿ, ಐಬು ಇದ್ದರೆ ಮೈಕಿನಲ್ಲಿ ಹೇಳಿಬಿಡುವುದು. ಯಾವ ಶುಕ್ರವಾರ ಏನು ಏಲಂ ಇದೆ ಅಂತ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೊದಲೇ ಹಾಕುವುದು, ಆಗ ಎರಡನೇ ಗಿರಾಕಿಯೂ ಮೂರನೇ ಗಿರಾಕಿಯೂ ಬರುತ್ತಾರೆ. ದುಡ್ಡು ಯಾವಾಗ ಕೊಡಬೇಕು ಅಂತ ಕೂಗುವ ಮೊದಲೇ ಹೇಳುವುದು. ಇನ್ನು ಕೊಯ್ದು ಹಂಚಲಿಕ್ಕೇ ಅಂತ ಹರಕೆ ಹೇಳಿ ಕೊಟ್ಟ ಆಡನ್ನು ಮಾರಬಹುದೇ ಎಂಬುದನ್ನು ಏಲಂಗೆ ಮೊದಲು ಉಸ್ತಾದರಲ್ಲಿ ಕೇಳುವುದು.

ಆಡು ಸಾಕುವ ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಂದೇ ಊರಿನ ಐದಾರು ಮನೆಯವರು ತಮ್ಮ ಆಡುಗಳನ್ನು ಒಂದೇ ದಿನ ಒಂದೇ ಕಡೆ ತಂದು ಕಟ್ಟಿದರೆ ವ್ಯಾಪಾರಿಗೆ ಒಂದು ಗಾಡಿ ತುಂಬುತ್ತದೆ, ಅವನ ಬಾಡಿಗೆ ಉಳಿಯುತ್ತದೆ, ಒಬ್ಬನ ಬದಲು ಮೂವರು ವ್ಯಾಪಾರಿಗಳು ಬರುತ್ತಾರೆ. ಕುಟುಂಬಶ್ರೀ ಗುಂಪುಗಳಲ್ಲಿ ಇರುವ ಹೆಂಗಸರಿಗೆ ಇದು ಕಷ್ಟದ ಕೆಲಸ ಅಲ್ಲ. ಅಷ್ಟು ಆಗದಿದ್ದರೂ, ಬೈಕ್ ನಿಲ್ಲಿಸಿದ ದಲ್ಲಾಳಿ “ಆರು ಸಾವಿರ” ಅಂದಾಗ, “ಟೇಪ್ ಹಿಡಿದು ನೋಡಿದ್ದೇವೆ ಇಚ್ಚ, ಮೂವತ್ತು ಕಿಲೋ ಇದೆ, ನಾಲ್ಕು ಹಲ್ಲು ಬಂದಿದೆ” ಅಂತ ಹೇಳುವಷ್ಟು ಲೆಕ್ಕ ಮನೆಯಲ್ಲಿ ಇದ್ದರೆ, ಮಾತು ಆರರಿಂದ ಅಲ್ಲ, ಹತ್ತರಿಂದ ಶುರುವಾಗುತ್ತದೆ.